ನನ್ನ ಹೊಟ್ಟೆಯಲ್ಲಿ ತಂಗಿರುವ ಪಿಂಗಾಣಿ ಬೊಂಬೆಯವರಿಗೆ

ಫ್ರಾನ್ಸ್ ದೇಶದಿಂದ ಬಾದಾಮಿ ಕೇಕಿನೊಳಗೆ ಕುಳಿತು ದೋಹಾಕ್ಕೆ ಬಂದು, ಸದ್ಯ ಬರ್ವಾ ಅಲ್ ಬರಾಹಾ ಕಾರ್ಮಿಕರ ವಸತಿಯ ಡ್ರೈವರ್ ಉಮರನ ಹೊಟ್ಟೆಯಲ್ಲಿ ಬಿಡಾರ ಹೂಡಿರುವ ಮಾನ್ಯರೇ, ತಮಗೆ ಸಾವಿರ ಸಲಾಂ.

ತಾವಿರುವಲ್ಲಿಗೆ ಅಂಚೆ ಹೋಗುವುದಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ. ನಾನು ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎನ್ನಬೇಕಿತ್ತು, ಆದರೆ ಆ ಕೆಲಸವನ್ನು ನಾನೇ ಮಾಡಿಬಿಟ್ಟಿದ್ದೇನೆ.

ನಮ್ಮ ಆಫೀಸಿನ ಕ್ಯಾರೊಲ್ ಮೇಡಂ ತಮ್ಮ ದೇಶದವರೊಂದಿಗೆ ಊಟಕ್ಕೆ ಹೋದಾಗಲೆಲ್ಲ ನಾನು ಹೊರಗೆ ಕಾರಿನಲ್ಲಿ ಕಾದು ಆ ಊಟವನ್ನು ಗೌರವಿಸುತ್ತಾ ಬಂದಿದ್ದೇನೆ. ವಾಪಸು ಬರುವಾಗ ಮೇಡಂ ಹೇಳುವುದನ್ನು ಕೇಳಿದರೆ, ಎಂಥ ಸಹನೆಯ ಜನ! ಬ್ರೆಡ್ಡಿಗೊಂದು ಮಾತು, ಸೊಪ್ಪಿಗೊಂದು ಮಾತು, ಬೂಷ್ಟು ಹಿಡಿದ ಚೀಸಿಗಂತೂ ಒಂದು ಸಭೆ. ಇದನ್ನು ತಿನ್ನುತ್ತಿರುವಾಗಲೇ ಮುಂದೆ ತಿನ್ನುವುದರ ಚರ್ಚೆ. ನಮ್ಮ ಮೆಸ್ಸಿನಲ್ಲಿ ಹಾಗೆ ಮಾತಾಡುತ್ತ ಕುಳಿತರೆ ಮೀನು ಪಕ್ಕದವನ ತಟ್ಟೆಗೆ ಹೋಗಿರುತ್ತದೆ.

ಅವರ ಜನವರಿ ಹಬ್ಬಕ್ಕೆ ಆಫೀಸಿನಲ್ಲಿ ಕೇಕು ಕತ್ತರಿಸಿ ಮೇಡಂ ನನ್ನನ್ನೂ ಒಳಗೆ ಕರೆದರು. ತುಂಡು ಕೈಗೆ ಕೊಟ್ಟ ಮೇಲೆ ವಿವರಣೆ ಶುರುವಾಯಿತು: ಇದರೊಳಗೆಲ್ಲೋ ಬೆರಳ ತುದಿಯಷ್ಟು ಚಿಕ್ಕ ಪಿಂಗಾಣಿ ಬೊಂಬೆ ಇದೆ, ಅದು ಸಿಕ್ಕಿದವರೇ ಇವತ್ತಿನ ರಾಜ, ಅವರಿಗೇ ಈ ಕಾಗದದ ಕಿರೀಟ. ಅವರು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನನ್ನ ತುಂಡು ಮುಗಿದಿತ್ತು. ಗಂಟಲಲ್ಲಿ ಗಟ್ಟಿಯಾಗಿ ಇಳಿದದ್ದನ್ನು ಬಾದಾಮಿ ಎಂದುಕೊಂಡಿದ್ದೆ. ಆಮೇಲೆ ಮೇಡಂ ಮೊಬೈಲಿನಲ್ಲಿ ತೋರಿಸಿದ ತಮ್ಮ ಫೋಟೋ ನೋಡಿದೆ: ಬಿಳಿ ಟೊಪ್ಪಿ, ದಪ್ಪ ಮೀಸೆ, ಕಂಕುಳಲ್ಲಿ ಉದ್ದನೆಯ ಬ್ರೆಡ್ಡು. ಆ ಬ್ರೆಡ್ಡಿನ ತುದಿ ಚೂಪೋ ಮೊಂಡೋ ಎಂಬುದನ್ನು ದಯಮಾಡಿ ತಿಳಿಸಬೇಕು.

ಯಾರ ತುಂಡಿನಲ್ಲೂ ತಾವು ಸಿಗದಿದ್ದಾಗ ಅಕೌಂಟ್ಸಿನ ಸಂಜಯ್ ಸಾರ್, "ನನಗೇ ಸಿಕ್ಕಿತ್ತು ಮೇಡಂ, ಟಿಶ್ಯೂ ಜೊತೆ ಡಸ್ಟ್‌ಬಿನ್ನಿಗೆ ಹೋಯ್ತು ಅನ್ಸುತ್ತೆ" ಎಂದು ಕಿರೀಟ ಇಟ್ಟುಕೊಂಡರು. ಬಾಯಿಬಿಟ್ಟರೆ ಆಸ್ಪತ್ರೆಗೆ ಸೇರಿಸಿ ಮಗಳ ಮದುವೆಯ ರಜೆ ರದ್ದು ಮಾಡುತ್ತಾರೆಂಬ ಭಯಕ್ಕೆ, ಹೊಟ್ಟೆಯಲ್ಲಿ ಸಾಕ್ಷಿ ಇದ್ದ ನಾನು ಸುಮ್ಮನೆ ಪಾರ್ಕಿಂಗಿಗೆ ಹೋದೆ.

ರೂಮಿನ ಅನ್ಸಾರ್, "ಎರಡು ಬಾಳೆಹಣ್ಣು ತಿನ್ನು ಮಾರಾಯ, ಬೆಳಿಗ್ಗೆ ಖಲಾಸ್" ಅಂದ. ಹೆಂಡತಿ ಖದೀಜಾ, "ಮಗಳ ಮದುವೆಗೆ ಎಲ್ಲರೂ ಚಾಕಲೇಟ್ ತರ್ತಾರೆ, ನೀವು ಬೊಂಬೆ ನುಂಗಿಕೊಂಡು ಬನ್ನಿ" ಎಂದು ಫೋನಿಟ್ಟಳು. ಬಾಳೆಹಣ್ಣಿನ ಗೊನೆಯೇ ಮುಗಿಯಿತು, ತಾವು ಕದಲಲಿಲ್ಲ.

ಗುರುವಾರ ನನ್ನ ವಿಮಾನ. ಏರ್‌ಪೋರ್ಟಿನ ಯಂತ್ರದಲ್ಲಿ ನಾನು ಕೈ ಎತ್ತಿ ನಿಂತಾಗ, ಹೊಟ್ಟೆಯೊಳಗೆ ವೀಸಾ ಇಲ್ಲದೆ, ಐಡಿ ಇಲ್ಲದೆ, ಮೀಸೆ ಬಿಟ್ಟುಕೊಂಡು ನಿಂತ ಇನ್ನೊಬ್ಬ ಮನುಷ್ಯ ಕಂಡರೆ ನಾನು ಯಾವ ಭಾಷೆಯಲ್ಲಿ ಏನು ಹೇಳಲಿ? ಆದ್ದರಿಂದ ತಾವು ತಮ್ಮ ದೇಶದ ಊಟದ ಹಾಗೆ ಸಾವಕಾಶ ಮಾಡದೆ ಬುಧವಾರದೊಳಗೆ ಹೊರಡಬೇಕು. ಆಗದಿದ್ದರೆ ದೊಡ್ಡ ಮನಸ್ಸು ಮಾಡಿ ಬಾದಾಮಿಯಾಗಿಬಿಡಬೇಕು ಎಂದು ಬೇಡುವ,

ತಮ್ಮ ವಿಶ್ವಾಸಿಯೂ ಸದ್ಯದ ನಿವಾಸವೂ ಆದ,
ಉಮರ್

ಮರೆತ ಮಾತು: ಮುಂದಿನ ಕೇಕನ್ನು ರಾಜನೇ ತರುವುದು ಪದ್ಧತಿಯಂತೆ. ಇದು ಗೊತ್ತಾದ ಕೂಡಲೇ ಸಂಜಯ್ ಸಾರ್ ಕಿರೀಟ ತೆಗೆದಿಟ್ಟು, "ಬೊಂಬೆ ಯಾರತ್ರ ಇದೆಯೋ ಅವ್ರೇ ನಿಜವಾದ ರಾಜ" ಎನ್ನುತ್ತ ಎಲ್ಲರ ಮುಖ ನೋಡುತ್ತಿದ್ದಾರೆ. ಅವರು ಕನ್ನಡ ಓದುವುದು ಬಿಟ್ಟು ಬಹಳ ವರ್ಷವಾಯಿತೆಂಬ ಧೈರ್ಯದ ಮೇಲೆ ಹೇಳುತ್ತೇನೆ: ತಾವು ಇಲ್ಲಿ ಹೊರಬಿದ್ದರೆ ಕೇಕಿನ ಖರ್ಚು ನನ್ನ ತಲೆಗೆ, ಆದ್ದರಿಂದ ಮೇಲಿನ ಅರ್ಜಿ ರದ್ದು. ತಾವು ಅಲ್ಲೇ ಸಾವಕಾಶವಾಗಿದ್ದು ನನ್ನ ಜೊತೆ ಮಂಗಳೂರಿಗೇ ಬನ್ನಿ, ಯಂತ್ರಕ್ಕೆ ನಾನು ಹೇಗೋ ಉತ್ತರ ಹೇಳಿಕೊಳ್ಳುತ್ತೇನೆ. ನಮ್ಮ ಮದುವೆಮನೆಯಲ್ಲಿ ಬಿರಿಯಾನಿಯೊಳಗೆ ಏಲಕ್ಕಿ ಸಿಕ್ಕಿದವನನ್ನು ಯಾರೂ ರಾಜ ಮಾಡುವುದಿಲ್ಲ.