ನಮ್ಮ ಮನೆಯ ಸ್ಪೀಕರಿನ ಕಾವಲುಗಾರ

ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಬೇಕಾದರೆ ಸರ್ಕಾರದ ಲೈಸೆನ್ಸು ಬೇಕು. ವರ್ಷಾವರ್ಷ ಪೋಸ್ಟಾಫೀಸಿನಲ್ಲಿ ಸರದಿ ನಿಂತು ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರಬೇಕು. ತಪ್ಪಿದರೆ ಇನ್ಸ್‌ಪೆಕ್ಟರು ಮನೆ ಬಾಗಿಲಿಗೇ ಬರುತ್ತಾನಂತೆ. ಬರಲಿ, ನನ್ನದೇನೂ ತಕರಾರಿಲ್ಲ. ಆದರೆ ಅದೇ ರೇಡಿಯೋವನ್ನು ಹರಿದು, ತಿವಿದು, ಪರಚಿ ಹಾಳುಮಾಡುವ ಮಕ್ಕಳನ್ನು ಸಾಕಲು ಯಾವ ಲೈಸೆನ್ಸೂ ಬೇಡ. ಬೆಕ್ಕಿನ ವಿಷಯವನ್ನಂತೂ ಕೇಳುವವರೇ ಇಲ್ಲ. ಇದು ಯಾವ ಸೀಮೆಯ ನ್ಯಾಯ ಸ್ವಾಮಿ? ಲೈಸೆನ್ಸು ಕೊಡುವ ಗುಮಾಸ್ತರನ್ನು ಒಮ್ಮೆ ಹೀಗೇ ಕೇಳಿಯೂಬಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಿಮ್ಮನೇಲಿ ಎಷ್ಟು ಮಕ್ಳು ಸಾರ್?" ಅಂದರು. ಎರಡು ಅಂದೆ. "ನಮ್ಮನೇಲಿ ಆರು. ಮುಂದಿನವರು ಬನ್ನಿ" ಅಂದರು.

ನಾವು ಜಯನಗರಕ್ಕೆ ಬಂದು ಮನೆ ಕಟ್ಟಿಕೊಂಡ ಮೇಲೆ ನಾನು ನನಗಾಗಿ ಅಂತ ತಂದುಕೊಂಡ ಒಂದೇ ಒಂದು ವಸ್ತು ಈ ರೇಡಿಯೋ. ಸಾಮಾನ್ಯದ್ದಲ್ಲ, ಮೂವರು ಹಿಡಿದು ಇಳಿಸಿದ್ದು. ತೇಗದ ಬಣ್ಣದ ಪೆಟ್ಟಿಗೆ, ಮುಂದೆ ದಂತದಂಥ ಎರಡು ತಿರುಪು, ಅವುಗಳ ಮೇಲ್ಗಡೆ ಸ್ಪೀಕರು, ಆ ಸ್ಪೀಕರಿಗೆ ಚಿನ್ನದ ಎಳೆ ಹಾಕಿ ನೇಯ್ದ ಬಟ್ಟೆ. ನನ್ನ ಮದುವೆಯಲ್ಲಿ ನನಗೆ ಕೊಟ್ಟ ಪಂಚೆಯ ಅಂಚಿನಲ್ಲೂ ಅಷ್ಟು ಚಿನ್ನ ಇರಲಿಲ್ಲ. ಹಾಕಿದ ಮೇಲೆ ವಾಲ್ವು ಕಾಯುವ ತನಕ ಸುಮ್ಮನಿದ್ದು, ಆಮೇಲೆ ಗಂಟಲು ಸರಿಮಾಡಿಕೊಂಡು ಮಾತಾಡುತ್ತಿತ್ತು. ದೊಡ್ಡ ಮನುಷ್ಯರ ಲಕ್ಷಣ ಅದು. ನಮ್ಮ ಆಫೀಸಿನ ಸೂಪರಿಂಟೆಂಡೆಂಟರೂ ಹಾಗೆಯೇ.

ಮೊದಲು ಕಣ್ಣು ಹಾಕಿದ್ದು ಬೆಕ್ಕು. ಅದರ ಹೆಸರು ಕೆಂಚಿ. ಹಿಂದುಗಡೆ ಖಾಲಿ ಸೈಟು, ಅದರಾಚೆ ಸಾರಕ್ಕಿಯ ಕಡೆಯ ಹೊಲ, ಹೊಲದ ಇಲಿಗಳಿಗೆಲ್ಲ ನಮ್ಮ ಮನೆಯೇ ಛತ್ರ ಅಂತ ನಮ್ಮ ತಾಯಿ ಅದನ್ನು ಸೇರಿಸಿಕೊಂಡಿದ್ದರು. ಇಲಿ ಹಿಡಿಯಲೆಂದು ಬಂದ ಕೆಂಚಿ, ರೇಡಿಯೋದ ನೆತ್ತಿ ಬೆಚ್ಚಗಿರುತ್ತದೆಂದು ಎರಡೇ ದಿನದಲ್ಲಿ ಕಂಡುಹಿಡಿಯಿತು. ಅಂದಿನಿಂದ ಅದರ ವಾಸ ಅಲ್ಲೇ. ವಾರ್ತೆ ಕೇಳುತ್ತಾ ಮಲಗುವುದು, ಏಳುವಾಗ ಮೈಮುರಿದು ಕೆಳಗಿನ ಚಿನ್ನದ ಬಟ್ಟೆಗೆ ಉಗುರು ಮಸೆಯುವುದು. ಒಂದೇ ತಿಂಗಳಿಗೆ ಆ ಬಟ್ಟೆ ಎಳೆಎಳೆಯಾಗಿ ಜೋತುಬಿತ್ತು. ನಾನು ಕೋಲು ತೆಗೆದುಕೊಂಡರೆ ನಮ್ಮ ತಾಯಿ ಅಡ್ಡ. "ಮೂಕಪ್ರಾಣಿ ಕಣಪ್ಪ, ಅದಕ್ಕೇನು ಗೊತ್ತಾಗುತ್ತೆ? ಹೊಡೆದ್ರೆ ಪಾಪ ಸುತ್ಕೊಳುತ್ತೆ" ಅಂದರು. ಬೆಕ್ಕಿಗೆ ಹೊಡೆದರೆ ಪಾಪ, ರೇಡಿಯೋ ಹರಿದರೆ ಪುಣ್ಯವೇ?

ಬಟ್ಟೆ ಹರಿದ ಮೇಲೆ ಮಕ್ಕಳಿಗೆ ದಾರಿ ಸಿಕ್ಕಿತು. ಮೂರು ವರ್ಷದ ಪುಟ್ಟಿ ಹರಿದ ಜಾಗದಲ್ಲಿ ಅಂಗೈ ಇಟ್ಟು ನಿಂತುಬಿಡುವಳು. "ಅಪ್ಪಾ, ಮಾಮ ನನ್ ಕೈಗೆ ಮಾತಾಡ್ತಿದಾರೆ, ಕಚಗುಳಿ ಆಗುತ್ತೆ!" ಅನ್ನುವಳು. ದೇಶದ ಆಹಾರ ಪರಿಸ್ಥಿತಿಯ ಬಗ್ಗೆ ಮಂತ್ರಿಗಳು ಗಂಭೀರವಾಗಿ ಮಾತಾಡುತ್ತಿದ್ದರೆ ಇವಳಿಗೆ ಕಚಗುಳಿ! ಆರು ವರ್ಷದ ಬಸು ಅಣ್ಣನಲ್ಲವೆ, ಅವನಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಕಚಗುಳಿ ಇಡುವವರು ಯಾರು ಅಂತ ನೋಡಲು ಬಳಪದ ಕಡ್ಡಿ ತೂರಿಸಿದ. ಅವತ್ತು ಸಂಜೆ ಆಫೀಸಿನಿಂದ ಬಂದು ರೇಡಿಯೋ ಹಾಕಿದರೆ, ನೆಗಡಿಯಾದ ಕೋಣ ಮಾತಾಡಿದ ಹಾಗೆ ಕೇಳಿಸಿತು.

ರಿಪೇರಿ ಮಾಡುವ ಖಾದರ್ ಸಾಹೇಬರನ್ನು ಕರೆತಂದೆ. ಹಿಂದಿನ ಹಲಗೆ ಬಿಚ್ಚಿ, ಒಳಗಿನದನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ ತೋರಿಸಿದರು. ನಾನು ದಂಗಾದೆ. ಅದು ಕಾಗದ! ನಾನೇನೋ ಕಂಚು, ಹಿತ್ತಾಳೆ, ಕೊನೆಗೆ ತಗಡಾದರೂ ಇರಬಹುದು ಅಂದುಕೊಂಡಿದ್ದೆ. "ಇಷ್ಟೇ ಸಾರ್ ಸ್ಪೀಕರ್ ಅಂದ್ರೆ. ಗಾಳಿಪಟದ ಕಾಗದಕ್ಕಿಂತ ಒಂಚೂರು ದಪ್ಪ. ಇದು ಅಲ್ಲಾಡಿದ್ರೇನೇ ಸೌಂಡು. ಇದಕ್ಕೆ ಒಂದು ಹುಲ್ಲುಕಡ್ಡಿ ತಾಕಿದ್ರೂ ಗೊರಗೊರ ಅನ್ನುತ್ತೆ, ಹುಷಾರು" ಅಂದು, ತೂತಿಗೆ ತೆಳ್ಳನೆಯ ಕಾಗದ ಅಂಟಿಸಿ ಹೋದರು. ಇಂಥ ನಾಜೂಕಿನ ವಸ್ತುವನ್ನು ಇಂಥ ರಾಕ್ಷಸರ ನಡುವೆ ಇಟ್ಟುಕೊಂಡಿದ್ದೇನಲ್ಲಾ ಅಂತ ನನಗೆ ಊಟ ಸೇರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಕಾವಲು. ಮೊದಲು ರೇಡಿಯೋವನ್ನು ಗೋಡೆಯಲ್ಲಿ ಎತ್ತರದ ಹಲಗೆಗೆ ಏರಿಸಿದೆ. ಬಸು ಟ್ರಂಕಿನ ಮೇಲೆ ಮಣೆ, ಮಣೆಯ ಮೇಲೆ ಪುಟ್ಟಿಯನ್ನು ನಿಲ್ಲಿಸಿ ಹತ್ತಿದ. ಕೆಂಚಿಗೆ ಮಣೆಯೂ ಬೇಕಾಗಲಿಲ್ಲ. ಕೈಗೆಟುಕದೆ ಹೋದದ್ದು ನಮ್ಮ ತಾಯಿಗೆ ಮಾತ್ರ. "ವಚನ ಕೇಳೋದಕ್ಕೆ ನಾನೇನು ಏಣಿ ಹತ್ಬೇಕೇನೋ?" ಅಂತ ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಕೆಳಗಿಳಿಸಿದೆ. ನನ್ನ ಹೆಂಡತಿ ಪಾರ್ವತಿ ಹಳೆಯ ಜಮಖಾನದ ತುಂಡಿನಿಂದ ಒಂದು ಗವಸು ಹೊಲಿದುಕೊಟ್ಟಳು. ಅದನ್ನು ತೊಡಿಸಿದರೆ ವಾರ್ತೆ ಓದುವವರು ಕಂಬಳಿ ಹೊದ್ದು ನರಳಿದ ಹಾಗಿರುತ್ತಿತ್ತು. ಅದನ್ನೂ ತೆಗೆದೆ. ಕೊನೆಗೆ ಚಿಕ್ಕಪೇಟೆಗೆ ಹೋಗಿ ಕಿಟಕಿಗೆ ಹೊಡೆಯುವ ತಂತಿ ಬಲೆ ತಂದು, ಹರಿದ ಬಟ್ಟೆಯನ್ನು ಕಿತ್ತೆಸೆದು, ಆ ಜಾಗಕ್ಕೆ ಬಲೆ ಬಿಗಿದು ನಾಲ್ಕೂ ಮೂಲೆಗೆ ಮೊಳೆ ಹೊಡೆದೆ. ಮಗುವಿನ ಕಿರುಬೆರಳೂ ತೂರದು, ಬೆಕ್ಕಿನ ಪಂಜವೂ ತೂರದು. ಎದುರು ಮನೆಯ ನಂಜುಂಡಪ್ಪನವರು ಬಂದು ನೋಡಿ, "ಏನ್ ಸಾರ್, ಕೋಳಿ ಸಾಕ್ತಿದೀರಾ?" ಅಂದರು. ಅವರ ಮನೆಯಲ್ಲೂ ರೇಡಿಯೋ ಇದೆ. ಅದು ನೆಲದ ಮೇಲೆ ಬಿದ್ದಿರುತ್ತದೆ. ಮಕ್ಕಳು ಅದಕ್ಕೆ ಒರಗಿಕೊಂಡು ಊಟ ಮಾಡುತ್ತವೆ. ಅಂಥವರ ಮಾತಿಗೆ ಏನು ಬೆಲೆ!

ಇಷ್ಟರಲ್ಲಿ ಪಾರ್ವತಿಗೆ ರೇಡಿಯೋ ಸ್ಟೇಷನ್ನಿನಿಂದ ಕಾಗದ ಬಂತು. ಮಹಿಳಾ ಸಮಾಜದವರ ಬಲವಂತಕ್ಕೆ ಅವಳು ಯಾವಾಗಲೋ ಅರ್ಜಿ ಹಾಕಿ, ಹೋಗಿ ಹಾಡಿಯೂ ಬಂದಿದ್ದಳು. ಒಪ್ಪಿಗೆಯಾಗಿದೆ, ಬರುವ ಸೋಮವಾರ ಸಂಜೆ ಹದಿನೈದು ನಿಮಿಷ ಭಕ್ತಿಗೀತೆ, ಸ್ಟುಡಿಯೋದಿಂದ ನೇರ ಪ್ರಸಾರ ಅಂತ ಬರೆದಿದ್ದರು. ನನ್ನ ಎದೆ ಎರಡಂಗುಲ ಉಬ್ಬಿತು. ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಸೂಪರಿಂಟೆಂಡೆಂಟರಿಗೆ ಎರಡು ಸಲ ಹೇಳಿದೆ. ನೇರ ಪ್ರಸಾರವೆಂದರೆ ಆ ಹೊತ್ತು ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಹದಿನೈದು ನಿಮಿಷ ಈ ಸ್ಪೀಕರು ಕೈಕೊಡಬಾರದು, ಅಷ್ಟೇ ನನ್ನ ಪ್ರಾರ್ಥನೆ. ಸ್ಟೇಷನ್ನಿಗೆ ಅವಳನ್ನು ಅವಳ ತಮ್ಮನ ಜೊತೆ ಕಳಿಸಲು ಏರ್ಪಾಡು ಮಾಡಿದೆ. "ನೀವು ಬರಲ್ವಾ?" ಅಂದಳು. "ನಾನು ಬಂದ್ರೆ ರೇಡಿಯೋನ ಯಾರು ನೋಡ್ಕೋತಾರೆ?" ಅಂದೆ. ಅವಳು ಸೀರೆ ಆರಿಸಲು ಹೋದಳು.

ಸೋಮವಾರ ಅರ್ಧ ದಿನ ರಜೆ ಹಾಕಿದೆ. ಕೆಂಚಿಯನ್ನು ಬಚ್ಚಲುಮನೆಗೆ ಕೂಡಿ ಚಿಲಕ ಹಾಕಿದೆ. ರೇಡಿಯೋದಿಂದ ನಾಲ್ಕು ಮಾರು ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಈ ಗೆರೆ ದಾಟಿದೋರಿಗೆ ಚರ್ಮ ಸುಲೀತೀನಿ" ಅಂತ ಬಸುವಿಗೂ ಪುಟ್ಟಿಗೂ ಹೇಳಿದೆ. ಇಬ್ಬರೂ ಗೆರೆಯ ಆಚೆ ಬಾಯಿಗೆ ಬೆರಳಿಟ್ಟುಕೊಂಡು ಕೂತರು. ಹೊತ್ತಾಗುತ್ತಿದ್ದಂತೆ ನಂಜುಂಡಪ್ಪನವರ ಮನೆಯವರೆಲ್ಲ ಬಂದರು, ಪಕ್ಕದ ಬೀದಿಯವರು ಬಂದರು, ಸಾರಕ್ಕಿಯಿಂದ ಹಾಲು ತರುವ ಮುನಿಯಮ್ಮ ಬಾಗಿಲಲ್ಲಿ ನಿಂತಳು. ನಮ್ಮ ತಾಯಿ ಮಡಿಯುಟ್ಟು, ವಿಭೂತಿ ಧರಿಸಿ, ಕೈಯಲ್ಲಿ ಒಂದು ತಟ್ಟೆ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ತಟ್ಟೆಯಲ್ಲಿ ಏನಿದೆ ಅಂತ ನಾನು ಗಮನಿಸಲಿಲ್ಲ. ನನ್ನ ಕಣ್ಣೆಲ್ಲ ಮಕ್ಕಳ ಮೇಲೆ.

"ಈಗ ಭಕ್ತಿಗೀತೆಗಳು. ಹಾಡುವವರು ಶ್ರೀಮತಿ ಪಾರ್ವತಿ..." ಅಂತ ಬಂತು ನೋಡಿ, ನಮ್ಮ ತಾಯಿಯ ಕಣ್ಣಲ್ಲಿ ನೀರು. "ಶಿವನೇ, ನಮ್ಮನೆ ಸೊಸೆ ಹೆಸರು ಹೇಳಿದ್ರಲ್ಲೋ! ಆಶೀರ್ವಾದ ಮಾಡ್ಬೇಕು ಕಣ್ರೋ, ಬನ್ನಿ, ಅಕ್ಷತೆ ತಗೊಳ್ಳಿ" ಅಂತ ತಟ್ಟೆ ಮುಂದೆ ಹಿಡಿದರು. ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮಲ್ಲಿ ಒಳ್ಳೆಯದಾದಾಗ ಮಕ್ಕಳ ತಲೆಯ ಮೇಲೆ ಅಕ್ಷತೆ ಹಾಕುವುದು ರೂಢಿ. ಸೊಸೆಯ ತಲೆ ಊರಿನ ಆ ತುದಿಯ ಸ್ಟುಡಿಯೋದಲ್ಲಿದ್ದರೂ ದನಿ ಇಲ್ಲಿದೆಯಲ್ಲ. ಎಲ್ಲರೂ ಎದ್ದು ದನಿ ಬರುವ ಕಡೆಗೇ ಎರಡೆರಡು ಕಾಳು ಹಾಕಿದರು. ನಾನು ಗಂಡ. ಎರಡು ಕಾಳಿಗೆ ನನ್ನ ಸಂತೋಷ ಮುಗಿಯುತ್ತದೆಯೇ? ಹತ್ತಿರ ಹೋಗಿ, ಹಿಡಿ ತುಂಬ ತೆಗೆದುಕೊಂಡು, ಮುಖಕ್ಕೆ ಮುಖ ಕೊಟ್ಟು ಬೀಸಿ ಹಾಕಿದೆ. ಒಂದು ಸಲ ಅಲ್ಲ, ಮೂರು ಸಲ.

ಪಾರ್ವತಿ ಎರಡನೆಯ ಸಾಲು ಎತ್ತಿಕೊಂಡಳೋ ಇಲ್ಲವೋ, ಗೊರ್ ಅಂತು. ಆಮೇಲೆ ಚರಚರ. ಅವಳು ಮೇಲಕ್ಕೆ ಹೋದ ಹಾಗೆಲ್ಲ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ನನಗೆ ಮೈಯೆಲ್ಲ ಉರಿದುಹೋಯಿತು. "ಯಾರೋ ಅದು ಮುಟ್ಟಿದ್ದು?" ಅಂತ ಬಸುವಿನ ಕಡೆ ತಿರುಗಿದೆ. ಬಚ್ಚಲಿನ ಚಿಲಕ ನೋಡಿಬಂದೆ. ಚಿಲಕ ಹಾಕಿದ ಹಾಗೇ ಇತ್ತು. ಹಾಗಾದರೆ ಸ್ಟೇಷನ್ನಿನವರದೇ ತಪ್ಪು, ಹೆಂಗಸರು ಹಾಡುವಾಗ ಬೇಕಂತಲೇ ಹಳೆಯ ಮೈಕು ಕೊಟ್ಟಿದ್ದಾರೆ, ನಾಳೆಯೇ ಬರೆಯುತ್ತೇನೆ ಅಂತ ಕೂಗಾಡಿದೆ. ಅಷ್ಟರಲ್ಲಿ ತಮ್ಮ ಮನೆಗೆ ಓಡಿಹೋಗಿದ್ದ ನಂಜುಂಡಪ್ಪನವರು ಗೇಟಿನಲ್ಲಿ ನಿಂತು, "ಸಾರ್, ನಮ್ಮನೇಲಿ ಗಂಟೆ ಹೊಡ್ದಂಗೆ ಬರ್ತಿದೆ! ಎಲ್ರೂ ಬನ್ನಿ, ಬೇಗ ಬನ್ನಿ!" ಅಂತ ಕರೆದರು. ಇಡೀ ಸಭೆ ಎದ್ದು ರಸ್ತೆ ದಾಟಿತು. ನಮ್ಮ ತಾಯಿಯೂ ತಟ್ಟೆ ಹಿಡಿದುಕೊಂಡೇ ಹೋದರು.

ನಾನು ಹೋಗಲಿಲ್ಲ. ಮಕ್ಕಳು ಒರಗಿಕೊಂಡು ಊಟ ಮಾಡುವ ಆ ರೇಡಿಯೋ ಸರಿಯಿದ್ದು, ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದದ್ದು ಕೆಟ್ಟಿದೆಯೆಂದರೆ ನಂಬುವುದು ಹೇಗೆ? ನೆತ್ತಿಯ ಮೇಲೆ ತಟ್ಟಿದೆ, ಪಕ್ಕಕ್ಕೆ ಗುದ್ದಿದೆ, ಏರಿಯಲ್ ತಂತಿ ಎಳೆದೆ. ಕೊನೆಗೆ ಆರಿಸಿ, ಇಡೀ ಪೆಟ್ಟಿಗೆಯನ್ನು ಅಪ್ಪಿಹಿಡಿದು ಬಲೆ ಕೆಳಗಾಗುವಂತೆ ಬಾಗಿಸಿದೆ. ಬಲೆಯ ತೂತುಗಳಿಂದ ಹಳದಿ ಅಕ್ಕಿ ಸುರಿಯಿತು. ಒಂದೆರಡು ಕಾಳಲ್ಲ, ಒಂದು ಹೊತ್ತಿನ ಪಾಯಸಕ್ಕೆ ಆಗುವಷ್ಟು ಸುರಿಯಿತು. ಬಗ್ಗಿದವನು ಹಾಗೇ ಬಗ್ಗಿಕೊಂಡು ನಿಂತೆ. ಹಿಂದಿನಿಂದ ಸಣ್ಣ ದನಿ ಬಂತು: "ಅಪ್ಪಾ, ನಾವು ಗೆರೆ ದಾಟಿಲ್ಲ." ನೋಡಿದರೆ ಊರೆಲ್ಲ ಎದುರು ಮನೆಗೆ ಹೋಗಿದ್ದರೂ ಅವೆರಡು ಅಲ್ಲೇ, ಕೂತ ಹಾಗೇ ಕೂತಿದ್ದವು. ಮತ್ತೆ ರೇಡಿಯೋ ಹಾಕಿ, ಅದು ಕಾದು ಬಾಯಿಬಿಡುವ ಹೊತ್ತಿಗೆ, "ಇದುವರೆಗೆ ನೀವು ಭಕ್ತಿಗೀತೆಗಳನ್ನು ಕೇಳಿದಿರಿ" ಅಂದರು. ಎಷ್ಟು ಸ್ಪಷ್ಟವಾಗಿ ಅಂದರು ಅಂತೀರಿ! ಒಂದಕ್ಷರ ಗೊರ ಅನ್ನಲಿಲ್ಲ.

ಬಸ್ಸಿಳಿದು ಬಂದ ಪಾರ್ವತಿಯನ್ನು ಬೀದಿಯವರೆಲ್ಲ ಗೇಟಿನಲ್ಲೇ ಹಿಡಿದು ಹೊಗಳಿದರು. ಮುನಿಯಮ್ಮ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಒಳಗೆ ಬಂದು, ಇನ್ನೂ ಚಪ್ಪಲಿ ಬಿಡುವ ಮೊದಲೇ, "ಹೇಗಿತ್ತು ರೀ?" ಅಂದಳು. ನಾನು "ತುಂಬಾ..." ಅನ್ನುವಷ್ಟರಲ್ಲಿ ಬಸು, "ಅಪ್ಪ ಕೇಳ್ಲೇ ಇಲ್ಲಮ್ಮ, ರೇಡಿಯೋಗೆ ಅಕ್ಕಿ ತುಂಬಿಬಿಟ್ರು" ಅಂದ. ವಿಷಯವೆಲ್ಲ ಕೇಳಿ ಅವಳು ಗೋಡೆ ಹಿಡಿದುಕೊಂಡು ನಕ್ಕಳು.

"ನಗ್ತೀಯಾ? ನನಗೆ ಹೊಟ್ಟೆ ಉರೀತಿದೆ" ಅಂದೆ. "ಊರೋರೆಲ್ಲ ಕೇಳಿದ್ರು, ನಾನೊಬ್ಬ ಕೇಳ್ಲಿಲ್ಲ."

"ಅಯ್ಯೋ, ಅದಕ್ಯಾಕೆ ಅಷ್ಟು ಬೇಜಾರು? ಅದೇ ಹಾಡುಗಳು ತಾನೆ, ದಿನಾ ಬೆಳಿಗ್ಗೆ ಅಡುಗೆಮನೇಲಿ ಹಾಡ್ಕೋತಿದ್ನಲ್ಲ. ನೀವೇ ಅಲ್ವಾ, 'ಸ್ವಲ್ಪ ಸುಮ್ನಿರೇ, ವಾರ್ತೆ ಕೇಳಿಸ್ತಿಲ್ಲ' ಅಂತ ಕೂಗ್ತಿದ್ದಿದ್ದು?"

ಚುಚ್ಚಬೇಕೆಂದು ಅಂದದ್ದಲ್ಲ. ಇದ್ದದ್ದನ್ನು ಹೇಳಿ, ಸೀರೆ ಬದಲಾಯಿಸಲು ಒಳಗೆ ಹೋದಳು. ಇಷ್ಟು ದಿನ ಬೆಕ್ಕಿನ ಮೇಲೆ, ಮಕ್ಕಳ ಮೇಲೆ, ಖಾದರ್ ಸಾಹೇಬರ ಕಾಗದದ ಮೇಲೆ, ಕೊನೆಗೆ ಸ್ಟೇಷನ್ನಿನ ಮೇಲೂ ಹರಿದ ನನ್ನ ಕೋಪಕ್ಕೆ ಅವತ್ತು ಹೋಗಲು ಜಾಗವಿರಲಿಲ್ಲ. ಬಚ್ಚಲಿನ ಚಿಲಕ ತೆಗೆದು ಕೆಂಚಿಯನ್ನು ಹೊರಗೆ ಬಿಟ್ಟೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ವಾರ್ತೆ ಹಾಕಿಕೊಂಡು ಕೂತಿದ್ದೆ. ಅಡುಗೆಮನೆಯಿಂದ, ಒಗ್ಗರಣೆಯ ಘಾಟಿನ ಜೊತೆಗೆ, ಮೆಲ್ಲಗೆ ಹಾಡು ಬಂತು. ಎದ್ದುಹೋಗಿ ರೇಡಿಯೋ ಆರಿಸಿದೆ. ಹಾಡೂ ನಿಂತುಹೋಯಿತು. ಹೋಗಿ ನೋಡಿದರೆ ಅವಳು ತಲೆ ಬಗ್ಗಿಸಿ ರವೆ ಹುರಿಯುತ್ತಿದ್ದಾಳೆ.

"ಯಾಕೆ ನಿಲ್ಲಿಸ್ದೆ?"

"ನೀವು ಅದನ್ನ ಆರಿಸಿಬಿಟ್ರಲ್ಲ. ಬರೀ ನನ್ನ ದನೀನೇ ಕೇಳ್ಸುತ್ತೆ, ನಾಚ್ಕೆ ಆಗುತ್ತಪ್ಪ."

ಹಿಂದಿನ ಸಂಜೆ ಇಡೀ ಮೈಸೂರು ರಾಜ್ಯಕ್ಕೆ ಕೇಳುವಂತೆ ಹಾಡಿ ಬಂದವಳಿಗೆ, ಕಟ್ಟಿಕೊಂಡ ಗಂಡ ಕೇಳಿಸಿಕೊಂಡರೆ ನಾಚಿಕೆ! ಬೇರೆ ದಾರಿ ಕಾಣದೆ ಹೋಗಿ ಮತ್ತೆ ರೇಡಿಯೋ ಹಾಕಿದೆ. ಅದು ಕಾದು ಮಾತು ಶುರುಮಾಡಿದ ಮೇಲೆ ಅಡುಗೆಮನೆಯಲ್ಲಿ ಹಾಡೂ ಶುರುವಾಯಿತು. ನಾನು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿನ ಕಡೆಗೆ ಎಳೆದುಕೊಂಡು ಕಿವಿಗೊಟ್ಟು ಕೂತೆ. ವಾರ್ತೆಯವನು ಮಾತ್ರ ಉಸಿರು ಬಿಡದೆ ಅದೇನೇನೋ ಓದುತ್ತಲೇ ಇದ್ದ. ಹಾಳಾದವನು, ಒಂದು ಗಳಿಗೆ ಸುಮ್ಮನಿರಬಾರದೆ!