ಹಗಲು ಹೊತ್ತಿನಲ್ಲಿ ಚಂದ್ರನು ಹಾಜರಿರುವ ಬಗ್ಗೆ

ಆಕಾಶ ವಿಚಾರಗಳ ವಿವರಣಾ ಇಲಾಖೆ
ಕೇಂದ್ರ ಕಚೇರಿ, ಎರಡನೇ ಮಹಡಿ

ಸುತ್ತೋಲೆ ಸಂಖ್ಯೆ: ಆವಿಇ/ಚಂದ್ರ/ಮಕ್ಕಳು/ಬೀರು/4

ವಿಷಯ: ಚಂದ್ರನ ಕುರಿತು ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಕ್ರಮ, ಹಾಗೂ ಪಶ್ಚಿಮದ ಕಿಟಕಿಗೆ ಅಡ್ಡವಾಗಿ ನಿಂತಿರುವ ಬೀರುವನ್ನು ಸರಿಸುವ ಕುರಿತು.

ಉಲ್ಲೇಖ: (ಅ) ಮೊನ್ನೆ ಬೆಳಿಗ್ಗೆ ಕಚೇರಿಯಲ್ಲಿ ನಡೆದ ಘಟನೆ.
(ಆ) ನಿನ್ನೆ ಬೆಳಿಗ್ಗೆ ಮೆಟ್ಟಿಲ ಬಳಿಯ ಕಿಟಕಿಯಲ್ಲಿ ಕೆಳಸಹಿದಾರರು ಖುದ್ದಾಗಿ ಕಂಡ ಚಂದ್ರ.

ಪ್ರಸ್ತಾವನೆ:

ಶಾಲೆಗೆ ಈ ವಾರವಿಡೀ ರಜೆ ಇರುವ ಕಾರಣ ಬೆರಳಚ್ಚುಗಾರ್ತಿಯವರು ಮೊನ್ನೆ ತಮ್ಮ ಆರು ವರ್ಷದ ಮಗಳನ್ನು ಕಚೇರಿಗೆ ಕರೆತಂದಿದ್ದರು. (ಸದರಿ ಬಾಲಕಿಯನ್ನು ಇನ್ನು ಮುಂದೆ 'ಪ್ರಶ್ನೆಪುಟ್ಟಿ' ಎಂದು ಕರೆಯಲಾಗುವುದು. ಈಗಲೂ ಎಲ್ಲರೂ ಹಾಗೆಯೇ ಕರೆಯುತ್ತಿದ್ದಾರೆ.) ಬೆಳಿಗ್ಗೆ ಹತ್ತರ ಸುಮಾರಿಗೆ ಪ್ರಶ್ನೆಪುಟ್ಟಿಯು ಸಹಾಯಕ ನಿರ್ದೇಶಕರ ಮೇಜಿನ ಬಳಿ ಹೋಗಿ, "ಮಾಮ, ಚಂದ್ರ ಹಗಲಲ್ಲೂ ಯಾಕೆ ಇದ್ದಾನೆ?" ಎಂದು ಕೇಳಿರುತ್ತಾಳೆ. ಸಹಾಯಕ ನಿರ್ದೇಶಕರು ಕಡತದಿಂದ ತಲೆ ಎತ್ತದೆ, "ಹಗಲಲ್ಲಿ ಚಂದ್ರ ಇರಲ್ಲ ಮರಿ" ಎಂದಿರುತ್ತಾರೆ. "ಇದ್ದಾನೆ! ಮನೆಯಿಂದ ಬಸ್ ಸ್ಟಾಪಿನವರೆಗೂ ನಮ್ಮ ಜೊತೆಗೇ ಬಂದ" ಎಂದು ಆಕೆ ಹೇಳಲಾಗಿ, "ಸುಳ್ಳು ಹೇಳಬಾರದು, ಹೋಗು, ಅಮ್ಮನ ಹತ್ರ ಕೂತ್ಕೋ" ಎಂದು ಆದೇಶಿಸಲಾಗಿದೆ. ಕಚೇರಿಯ ಸಮಸ್ತರೂ ನಕ್ಕಿರುತ್ತಾರೆ.

ಅಂದಿನಿಂದ ಪ್ರಶ್ನೆಪುಟ್ಟಿಯು ತಾಯಿಯ ಮೇಜಿನ ಕೆಳಗೆ ಕುಳಿತಿದ್ದು, ಯಾವುದೇ ಪ್ರಶ್ನೆ ಕೇಳಿರುವುದಿಲ್ಲ. ಮನೆಯಲ್ಲೂ ಕೇಳುತ್ತಿಲ್ಲವೆಂದು ತಾಯಿಯವರು ತಿಳಿಸಿದ್ದಾರೆ. ಇದನ್ನು ಇಲಾಖೆಯು ಅತ್ಯಂತ ಗಂಭೀರವಾಗಿ ಪರಿಗಣಿಸಿದ್ದು, ಕೆಳಸಹಿದಾರರಿಗೆ ನಿನ್ನೆ ಊಟ ಸೇರಿರುವುದಿಲ್ಲ. ಆದುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಚಂದ್ರನಿಗೆ ಕಚೇರಿ ವೇಳೆ ಅನ್ವಯಿಸುವುದಿಲ್ಲ. ತಿಂಗಳಿನ ಹಲವು ದಿನ ಆತನು ಹಗಲಿನಲ್ಲೂ ಆಕಾಶದಲ್ಲಿ ಇರುತ್ತಾನೆ. ಹುಣ್ಣಿಮೆ ಕಳೆದ ಮೇಲಿನ ಕೆಲವು ದಿನಗಳಲ್ಲಿ ಬೆಳಿಗ್ಗೆ ಪಶ್ಚಿಮದ ಕಡೆ ಮಸುಕಾಗಿ ಕಾಣುತ್ತಾನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವಾದರೂ, ಚಂದ್ರನಿಗೆ ಕಿಟಕಿ ಬೇಕಾಗುತ್ತದೆ.

2. ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಬಿದ್ದು ಹೊಳೆಯುತ್ತಾನೆ. ಇಲಾಖೆಯಲ್ಲಿ ಅನೇಕರು ಮೇಲಧಿಕಾರಿಗಳ ಬೆಳಕಿನಲ್ಲೇ ಹೊಳೆಯುತ್ತಿರುವುದರಿಂದ ಈ ಅಂಶವನ್ನು ವಿವರಿಸಲು ನೌಕರರಿಗೆ ಕಷ್ಟವಾಗಲಾರದು.

3. ಚಂದ್ರನು ಸವೆಯುವುದಿಲ್ಲ, ಬೆಳೆಯುವುದೂ ಇಲ್ಲ. ಯಾವಾಗಲೂ ದುಂಡಗೇ ಇದ್ದು, ಬಿಸಿಲು ಬಿದ್ದ ಭಾಗದಲ್ಲಿ ನಮಗೆ ಎಷ್ಟು ಕಾಣುವುದೋ ಅಷ್ಟೇ ಲೆಕ್ಕ. ಇದನ್ನು ಮೇಜಿನ ದೀಪ ಮತ್ತು ಒಂದು ಕಿತ್ತಳೆ ಹಣ್ಣಿನಿಂದ ತೋರಿಸತಕ್ಕದ್ದು. ಮಗುವು ಹಣ್ಣನ್ನು ತಲೆಗಿಂತ ತುಸು ಮೇಲೆ, ಕೈ ಚಾಚಿ ಹಿಡಿದು, ದೀಪದ ಮುಂದೆ ನಿಂತಲ್ಲೇ ಒಂದು ಸುತ್ತು ಸುತ್ತಬೇಕು. ಪ್ರಯೋಗ ಮುಗಿದ ನಂತರ ಹಣ್ಣು ಮಗುವಿಗೆ ಸೇರತಕ್ಕದ್ದು. ಕಳೆದ ಬಾರಿ ಚಂದ್ರನನ್ನು ಲೆಕ್ಕಪತ್ರ ಶಾಖೆಯವರು ಸುಲಿದು ತಿಂದದ್ದು ಇಲಾಖೆಯ ಗಮನಕ್ಕೆ ಬಂದಿದೆ.

4. "ಜೊತೆಗೇ ಬಂದ" ಎಂಬ ಹೇಳಿಕೆಯು ಸುಳ್ಳಲ್ಲ. ಚಂದ್ರನು ಸುಮಾರು ಮೂರು ಲಕ್ಷದ ಎಂಬತ್ತನಾಲ್ಕು ಸಾವಿರ ಕಿಲೋಮೀಟರ್ ದೂರದಲ್ಲಿದ್ದು, ನಾವು ನಾಲ್ಕು ಬೀದಿ ನಡೆದರೆ ಆತನ ದಿಕ್ಕಿನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾಗುವುದಿಲ್ಲ. ಪಕ್ಕದ ಗೋಡೆ, ಕಂಬ, ಅಂಗಡಿಗಳು ಹಿಂದೆ ಸರಿಯುತ್ತವೆ, ಆತನು ಸರಿಯುವುದಿಲ್ಲ. ಆದ್ದರಿಂದ ಜೊತೆಗೇ ಬಂದಂತೆ ಎಲ್ಲರಿಗೂ ಕಾಣುತ್ತದೆ. ಸಹಾಯಕ ನಿರ್ದೇಶಕರಿಗೂ ಕಾಣುತ್ತಿತ್ತು. ಅವರು ಬಸ್ಸಿನಲ್ಲಿ ನಿದ್ದೆ ಮಾಡುತ್ತಾರೆ. ಹೀಗೆ ಜೊತೆಗೆ ಬಂದುದಕ್ಕಾಗಿ ಚಂದ್ರನಿಗೆ ಪ್ರಯಾಣ ಭತ್ಯೆ ಸಲ್ಲುವುದಿಲ್ಲ.

5. 'ಚಂದಮಾಮ' ಎಂದು ಕರೆಯಲು ಮಕ್ಕಳಿಗೆ ಅಭ್ಯಂತರವಿಲ್ಲ. ಆದರೆ ಆತನು ಮಾಮನಾದಲ್ಲಿ ಇಲಾಖೆಯ ಸಮಸ್ತ ಮಹಿಳಾ ನೌಕರರಿಗೆ ಸಹೋದರನಾಗುತ್ತಾನೆ. ಹತ್ತಿರದ ಬಂಧುಗಳ ಕಡತವನ್ನು ನೌಕರರು ನಿರ್ವಹಿಸುವಂತಿಲ್ಲ ಎಂಬ ನಿಯಮದಿಂದ ಇವರಿಗೆ ವಿನಾಯಿತಿ ನೀಡಲಾಗಿದೆ. ಇಲ್ಲವಾದರೆ ಕಚೇರಿಯಲ್ಲಿ ಕೆಲಸ ಬಲ್ಲವರು ಯಾರೂ ಉಳಿಯುವುದಿಲ್ಲ.

6. ಚಂದ್ರನು ನಮ್ಮನ್ನು ಒಂದು ಸುತ್ತು ಹಾಕುವಷ್ಟರಲ್ಲಿ ತಾನೂ ಒಂದು ಸುತ್ತು ತಿರುಗುವುದರಿಂದ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ. ಮಕ್ಕಳನ್ನು ಕಂಡೊಡನೆ ಕುರ್ಚಿ ತಿರುಗಿಸಿ ಬೆನ್ನು ತೋರಿಸುವ ನೌಕರರು ಇದನ್ನು ಗಮನಿಸತಕ್ಕದ್ದು.

7. ಮಕ್ಕಳ ಪ್ರಶ್ನೆಗೆ ಒಂದು ವಾರದೊಳಗೆ ಲಿಖಿತ ಉತ್ತರ ನೀಡುವ ಹಿಂದಿನ ಪದ್ಧತಿಯನ್ನು ರದ್ದುಪಡಿಸಲಾಗಿದೆ. "ಇವತ್ತು ಚಂದ್ರ ಯಾಕೆ ಅರ್ಧ?" ಎಂಬ ಪ್ರಶ್ನೆಯು ಐದು ಮೇಜು ದಾಟಿ, ಉತ್ತರ ಸಹಿಯಾಗಿ ಹೊರಡುವಷ್ಟರಲ್ಲಿ ಚಂದ್ರನು ಪೂರ್ತಿಯಾಗಿದ್ದ ಪ್ರಕರಣಗಳಿವೆ.

8. ಉತ್ತರ ತಿಳಿಯದಿದ್ದಲ್ಲಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಬಾರದು. "ಗೊತ್ತಿಲ್ಲ, ಬಾ ನೋಡೋಣ" ಎನ್ನತಕ್ಕದ್ದು. ಇದಕ್ಕೆ ಮೇಲಧಿಕಾರಿಗಳ ಪೂರ್ವಾನುಮತಿ ಅಗತ್ಯವಿಲ್ಲ. ಮೇಲಧಿಕಾರಿಗಳಿಗೂ ಗೊತ್ತಿಲ್ಲ.

9. ಪಶ್ಚಿಮದ ಕಿಟಕಿಗೆ ಅಡ್ಡವಾಗಿರುವ ಬೀರುವನ್ನು ಇಂದೇ ಸರಿಸತಕ್ಕದ್ದು. ಒಂದು ಕಡೆ ಸಹಾಯಕ ನಿರ್ದೇಶಕರು, ಇನ್ನೊಂದು ಕಡೆ ಕೆಳಸಹಿದಾರರು ಹಿಡಿಯುವುದು. ಮೊನ್ನೆ ನಕ್ಕವರೆಲ್ಲರೂ ನಡುವೆ ಹಿಡಿಯುವುದು. ಸದರಿ ಬೀರುವಿನ ತುಂಬ ಇರುವುದು ಚಂದ್ರನ ಕಡತಗಳೇ ಆಗಿದ್ದು, ಚಂದ್ರನ ಕಡತಗಳಿಂದಾಗಿಯೇ ಈ ಇಲಾಖೆಗೆ ಇಷ್ಟು ವರ್ಷ ಚಂದ್ರನು ಕಾಣಲಿಲ್ಲವೆಂಬ ಮಾತನ್ನು ಯಾರೂ ಹೊರಗೆ ಬಾಯಿ ಬಿಡಬಾರದು.

10. ಸಹಾಯಕ ನಿರ್ದೇಶಕರು ಪ್ರಶ್ನೆಪುಟ್ಟಿಯಲ್ಲಿ ಕ್ಷಮೆ ಕೋರತಕ್ಕದ್ದು. ನಿಂತು ಕೋರಿದರೆ ಮೇಜಿನ ಕೆಳಗೆ ಕೇಳಿಸುವುದಿಲ್ಲವಾದ್ದರಿಂದ ನೆಲದ ಮೇಲೆ ಕುಳಿತು ಕೋರಬೇಕು. ಒಕ್ಕಣೆಯನ್ನು ಈ ರೀತಿ ಅನುಮೋದಿಸಲಾಗಿದೆ: "ನೀನು ಹೇಳಿದ್ದೇ ನಿಜ ಮರಿ. ನಾನು ನೋಡಿರ್ಲಿಲ್ಲ." ಇದಕ್ಕೆ 'ಆದರೆ' ಸೇರಿಸುವಂತಿಲ್ಲ.

11. ಮಗುವೊಂದು ಕೇಳುವುದನ್ನು ನಿಲ್ಲಿಸಿದರೆ ಈ ಇಲಾಖೆಗೆ ಬೇರೆ ಕೆಲಸವಿರುವುದಿಲ್ಲ. ಈ ಕಲಮಿಗೆ ಉಪಕಲಮುಗಳಿಲ್ಲ.

(ಸಹಿ)
ನಿರ್ದೇಶಕರು
ಆಕಾಶ ವಿಚಾರಗಳ ವಿವರಣಾ ಇಲಾಖೆ

ಪ್ರತಿಗಳು:
1. ಸಹಾಯಕ ನಿರ್ದೇಶಕರಿಗೆ, ಸೊಂಟ ನೋವಿನ ನೆಪ ಹೇಳದೆ ಪಾಲಿಸಲು.
2. ಲೆಕ್ಕಪತ್ರ ಶಾಖೆಗೆ, ಕಿತ್ತಳೆ ಹಣ್ಣಿನಿಂದ ದೂರವಿರಲು.
3. ಮೊನ್ನೆ ನಕ್ಕ ಎಲ್ಲರಿಗೂ.
4. ಬೆರಳಚ್ಚುಗಾರ್ತಿಯವರಿಗೆ. ಇದನ್ನು ಬೆರಳಚ್ಚು ಮಾಡುವಾಗ ಅಲ್ಲಲ್ಲಿ ಅಕ್ಷರ ತಪ್ಪಿದ್ದರೆ ಆಕ್ಷೇಪಣೆ ಇಲ್ಲ.
5. ಚಂದ್ರನಿಗೆ, ಮಾಹಿತಿಗಾಗಿ. (ಅಂಚೆ ವಿಭಾಗವು ವಿಳಾಸ ಕೇಳಿದೆ.)
6. ಪ್ರಶ್ನೆಪುಟ್ಟಿಗೆ, ಬೆರಳಚ್ಚು ಮೇಜಿನ ಕೆಳಗೆ, ಕೈಗೆ ಮುಟ್ಟಿಸುವುದು. (ಇದರ ಕೆಳಗೆ, ನಿರ್ದೇಶಕರ ಕೈಬರಹದಲ್ಲಿ:) ಬೀರು ಸರಿಸಲಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಚಂದ್ರ ಎದುರು ಕಟ್ಟಡದ ಹಿಂದೆ ಇಳಿದುಬಿಡುತ್ತಾನೆ. ಬೇಗ ಬಾ ಮಗಳೇ.

ಸ್ವೀಕೃತಿ (ಆರನೇ ಪ್ರತಿಯ ಹಿಂಬದಿಯಲ್ಲಿ, ನೀಲಿ ಬಣ್ಣದ ಪೆನ್ಸಿಲಿನಲ್ಲಿ):
ನೋಡಿದೆ. ಅಲ್ಲಿಂದ ನಮ್ಮ ಕಿಟಕಿ ಕಾಣತ್ತಾ?