ಬಳೆಯ ನಡುವೆ ಎಳೆತವಿಲ್ಲ

ನಾನು ಗುಬ್ಬಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಬೋಧಿಸುತ್ತಿದ್ದೇನೆ. ಗುರುತ್ವಾಕರ್ಷಣೆಯ ಬಗ್ಗೆ ನನಗೆ ಭಯವೆಂಬುದೇ ಇರಲಿಲ್ಲ. ಕಳೆದ ಭಾನುವಾರದವರೆಗೆ!

ಅಂದು ಹೆಂಡತಿ ಜಯಳ ತವರು ಅಮೃತೂರಿಗೆ ಹೋಗಿದ್ದೆವು. ಊಟ ಮುಗಿಸಿ ತೋಟದಲ್ಲಿ ಕುಳಿತಿದ್ದಾಗ ಅತ್ತೆಯವರು ಕೈಬಳೆ ತಿರುಗಿಸುತ್ತಾ ಕೇಳಿದರು:

"ಅಳಿಯಂದ್ರೇ, ಭೂಮಿ ಗುಂಡಗಿರೋದ್ಕೆ ಎಲ್ಲಾ ಅದರ ನಡುವಿನ ಕಡೆಗೇ ಬೀಳ್ತವೆ ಅಂತೀರಿ. ಈ ಬಳೆ ಥರ ಇದ್ದಿದ್ರೆ?"

ಎಂಥ ಪ್ರಶ್ನೆ! ನಾನು ಅರಳಿದೆ.

"ಬಳೆ ತೂತಿನ ನೇರಕ್ಕೆ ಕಲ್ಲು ಬಿಟ್ರೆ, ವೇಗ ಹೆಚ್ಚಿಸ್ಕೊಂಡು ನಡುವಿಗೆ ಬರುತ್ತೆ ಅತ್ತೆ. ಅಲ್ಲಿ ಎಲ್ಲಾ ಕಡೆಯಿಂದ್ಲೂ ಸಮ ಎಳೆತ. ಅಂದ್ರೆ ಎಳೆತಾನೇ ಇಲ್ಲ!"

"ಹಂಗಾರೆ ಅಲ್ಲೇ ನಿಂತ್ಕತದೆ."

"ಇಲ್ಲ, ಬಂದ ಜೋರಿಗೆ ಆ ಕಡೆ ಹೋಗಿ ವಾಪಸ್ ಬರುತ್ತೆ. ಹಿಂಗೇ ಓಡಾಡ್ತಿರುತ್ತೆ."

"ಎಳೆಯೋರೇ ಇಲ್ದೆ ಯಾಕ್ ಓಡಾಡ್ತದೆ? ಬುಡಿ."

ಇಪ್ಪತ್ತು ವರ್ಷದ ಸೇವೆಗೆ ಒಂದು 'ಬುಡಿ'! ಒಣಗಿದ ಕೃಷಿ ಹೊಂಡದ ಅಂಚಿನಲ್ಲಿ, ಶೌಚಾಲಯದ ಗುಂಡಿಗೆ ಇಳಿಸಲು ತಂದ ದೊಡ್ಡ ಸಿಮೆಂಟ್ ರಿಂಗೊಂದನ್ನು ಕಲ್ಲು ಒತ್ತುಕೊಟ್ಟು ಚಕ್ರದಂತೆ ನಿಲ್ಲಿಸಿದ್ದರು. ಹೋಗಿ ಅದರೊಳಗೆ ತೂರಿ ಕುಳಿತೆ.

"ನೋಡಿ ಅತ್ತೆ, ಈಗ ನಾನು ನಡುವಲ್ಲಿದೀನಿ. ಈ ರಿಂಗು ನನ್ನನ್ನ ಯಾವ ಕಡೆಗೂ ಎಳೀತಿಲ್ಲ."

"ರೀ, ಕಲ್ಲು ಜಾರ್ತಿದೆ!" ಜಯ ಕಿರುಚಿದಳು.

ರಿಂಗು ಎಳೆಯಲಿಲ್ಲ, ನಿಜ. ಭೂಮಿ ಎಳೆಯಿತು!

ಆಕಾಶ, ತೆಂಗು, ಮಣ್ಣು, ಮತ್ತೆ ಆಕಾಶ! ಅರ್ಧ ಇಳಿಜಾರಿನಲ್ಲಿ ರಿಂಗು ನನ್ನನ್ನು ಉಗುಳಿತು. ನಾನು ಹೊಂಡದ ತಳಕ್ಕೆ ಬಂದು ಬಿದ್ದೆ. ಅದು ನನ್ನನ್ನು ದಾಟಿ ಎದುರು ದಡ ಹತ್ತಿತು. ನಿಧಾನವಾಯಿತು. ನಿಂತಿತು. ಅಬ್ಬಾ ಎಂದೆ.

ಆಮೇಲೆ ಅದು ನನ್ನ ಕಡೆಗೇ ಹೊರಟಿತು!

ಬಿದ್ದಲ್ಲಿಂದಲೇ ಅದನ್ನು ನೋಡುತ್ತಿದ್ದೆ. ಅಡಿ ಅಡಿಗೂ ಅದರ ವೇಗ ಏರುತ್ತಿತ್ತು. ಅಷ್ಟು ಸ್ಪಷ್ಟವಾಗಿ ವೇಗೋತ್ಕರ್ಷವನ್ನು ನಾನು ಎಂದೂ ಕಂಡಿರಲಿಲ್ಲ!

"ಪಕ್ಕಕ್ಕೆ ಉರುಳ್ರೀ!" ಜಯಳ ಧ್ವನಿ ಅಳುವಾಗಿತ್ತು.

ಉರುಳಿದೆ. ರಿಂಗು ಕಿವಿಯ ಪಕ್ಕದಲ್ಲೇ ಗಡಗಡನೆ ಹಾದುಹೋಯಿತು. ಮತ್ತೆ ಬರುವುದೆಂದು ನನಗೆ ಗೊತ್ತಿತ್ತು. ಶಾಸ್ತ್ರ ಓದಿದ ಕರ್ಮ! ಕಣ್ಣು ಮುಚ್ಚಿ, ಅದುವರೆಗೆ ನಂಬದಿದ್ದ ದೇವರನ್ನೆಲ್ಲ ಕರೆದೆ. ಮೂರು ಸಲ ಓಡಾಡಿ ಅದು ವಾಲಿ ಬಿತ್ತು, ನನ್ನಿಂದ ಒಂದು ಗೇಣು ಆಚೆಗೆ.

ದಡದ ಮೇಲೆ ಅತ್ತೆಯವರು ಕೈಮುಗಿದಿದ್ದರು. "ಒಪ್ಕಂಡೆ ಅಳಿಯಂದ್ರೇ, ಓಡಾಡ್ತದೆ! ಮೇಲಕ್ ಬನ್ನಿ!"

ಕುಣಿಗಲ್ಲಿನ ಡಾಕ್ಟರು ಕೈಗೆ ಕಟ್ಟು ಹಾಕುತ್ತಾ ಕೇಳಿದರು: "ಏನ್ ಕೆಲಸ ಮಾಡ್ತೀರಿ?"

ಜಯ ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ: "ಹಿಸ್ಟರಿ ಮೇಷ್ಟ್ರು, ಸಾರ್."